ಹತ್ತು ನಿಮಿಷದಲ್ಲಿ ಮನೆ ಬಿಡಬೇಕಾದರೆ: ಮನೆಮಂದಿಗೆಲ್ಲ ತುರ್ತು ಬ್ಯಾಗ್ ಕಟ್ಟುವ ಬಗೆ

ಬೆಣ್ಣೆಹಳ್ಳ ತುಂಬಿ ಬರಲು ನಮ್ಮೂರಲ್ಲೇ ಮಳೆಯಾಗಬೇಕು ಅಂತೇನಿಲ್ಲ. ಶಿಗ್ಗಾಂವಿ, ಕುಂದಗೋಳದ ಕಡೆ ಜೋರು ಮಳೆ ಸುರಿದರೆ ಸಾಕು, ನವಲಗುಂದ ತಾಲ್ಲೂಕಿನ ಹೊಲಗಳಿಗೆ ನೀರು ನುಗ್ಗುತ್ತದೆ. ಮಲಪ್ರಭೆಯದೂ ಹೀಗೇ. 2019ರ ಆಗಸ್ಟ್‌ನಲ್ಲಿ ನವಿಲುತೀರ್ಥ ಜಲಾಶಯದಿಂದ ನೀರು ಬಿಟ್ಟಾಗ ನರಗುಂದ ತಾಲ್ಲೂಕಿನ ಕೊಣ್ಣೂರು, ರೋಣ ತಾಲ್ಲೂಕಿನ ಹೊಳೆಆಲೂರು ಕಡೆಯ ಮಂದಿ ಉಟ್ಟ ಬಟ್ಟೆಯಲ್ಲೇ ಮನೆ ಬಿಡಬೇಕಾಯಿತು. ಹಾವೇರಿ ಜಿಲ್ಲೆಯಲ್ಲಿ ವರದಾ ಮತ್ತು ತುಂಗಭದ್ರೆಯ ದಂಡೆಯ ಊರುಗಳಿಗೆ ಈ ಭಯ ಹೊಸದಲ್ಲ.

ಹೊಳೆಯಿಂದ ದೂರ ಇರುವವರಿಗೂ ಬೇರೆ ತೊಂದರೆಗಳಿವೆ. ಹುಬ್ಬಳ್ಳಿಯ ತಗ್ಗಿನ ಓಣಿಗಳಲ್ಲಿ ಒಂದು ತಾಸು ಜೋರು ಮಳೆಯಾದರೆ ನಾಲಾದ ನೀರು ಮನೆಯೊಳಗೆ ಬರುತ್ತದೆ. ವಾರಗಟ್ಟಲೆ ಮಳೆ ಹಿಡಿದರೆ ಹಳ್ಳಿಗಳಲ್ಲಿ ಮಣ್ಣಿನ ಗೋಡೆ ನೆನೆದು ಮಾಳಿಗೆ ಮನೆ ಕುಸಿಯುತ್ತದೆ. ಪ್ರತಿ ಮಳೆಗಾಲದಲ್ಲೂ ಈ ಸುದ್ದಿ ಓದುತ್ತೇವೆ, ಅಲ್ವಾ? ಇದರ ಜೊತೆಗೆ ಗ್ಯಾಸ್ ಸೋರಿಕೆ, ಶಾರ್ಟ್ ಸರ್ಕ್ಯೂಟ್, ನಡುರಾತ್ರಿ ಅಜ್ಜನಿಗೆ ಎದೆನೋವು. ಇವೆಲ್ಲದರಲ್ಲೂ ಒಂದೇ ಕಷ್ಟ: ಹೊರಡಬೇಕಾದ ಹೊತ್ತಿಗೆ ಹುಡುಕುತ್ತಾ ನಿಲ್ಲುವುದು.

ತುರ್ತು ಬ್ಯಾಗ್ ಇರುವುದು ಆ ಹುಡುಕಾಟ ತಪ್ಪಿಸಲಿಕ್ಕೆ. ಅದನ್ನು ಕಟ್ಟುವಾಗ ನಾನು ಒಂದೇ ಪ್ರಶ್ನೆ ಕೇಳಿಕೊಳ್ಳುತ್ತೇನೆ: ಈ ಸಾಮಾನು ಬೇರೆಯವರು ನನಗೆ ಕೊಡಬಲ್ಲರೇ? ನೆರೆ ಬಂದಾಗ ತೆರೆಯುವ ಕಾಳಜಿ ಕೇಂದ್ರದಲ್ಲಿ ಅನ್ನ, ಸಾರು ಸಿಗುತ್ತದೆ. ಹಾಸಿಕೊಳ್ಳಲು ಜಮಖಾನೆ ಸಿಗುತ್ತದೆ. ನೆರೆಯ ಊರಿನವರು ರೊಟ್ಟಿ ಬಡಿದು ಗಂಟು ಕಟ್ಟಿ ಕಳಿಸುತ್ತಾರೆ. ಅದು ನಮ್ಮ ಭಾಗದ ದೊಡ್ಡ ಗುಣ. ಆದರೆ ಅಪ್ಪನ ಬಿಪಿ ಗುಳಿಗೆ, ಅವ್ವನ ಕನ್ನಡಕ, ಅಜ್ಜಿಯ ಹಲ್ಲಿನ ಸೆಟ್, ಕೂಸಿನ ತಾಯಿ ಕಾರ್ಡ್, ಹೊಲದ ಉತಾರ (ಪಹಣಿ) ಇವನ್ನು ಯಾರೂ ತಂದುಕೊಡಲಾರರು. ಹಾಗಾಗಿ ಇಂಥವು ಮೊದಲು ಬ್ಯಾಗಿಗೆ ಹೋಗಬೇಕು. ಉಳಿದ ಜಾಗದಲ್ಲಿ ಉಳಿದದ್ದು.

ಮೊದಲು ಮನೆಮಂದಿಯ ಪಟ್ಟಿ, ಆಮೇಲೆ ಸಾಮಾನಿನದು

ಆನ್‌ಲೈನ್‌ನಲ್ಲಿ ಸಿದ್ಧ ಕಿಟ್‌ಗಳು ಸಿಗುತ್ತವೆ. ಅದರಲ್ಲಿ ದಿಕ್ಸೂಚಿ, ತಂತಿಯ ಗರಗಸ, ಬೆಂಕಿ ಹೊತ್ತಿಸುವ ಕಡ್ಡಿ ಎಲ್ಲ ಇರುತ್ತದೆ. ಕಾಡಿನಲ್ಲಿ ದಾರಿ ತಪ್ಪಿದವರಿಗೆ ಅವು ಬೇಕಾಗಬಹುದು. ಕುಂದಗೋಳದಿಂದ ಹುಬ್ಬಳ್ಳಿಯ ಬೀಗರ ಮನೆಗೆ ಹೋಗಬೇಕಾದ ಕುಟುಂಬಕ್ಕೆ ಬೇಡ. ದುಡ್ಡು ಉಳಿಸಿ.

ಅದರ ಬದಲು ಒಂದು ಸಂಜೆ ಎಲ್ಲರೂ ಕೂತು ಮನೆಯಲ್ಲಿರುವವರ ಹೆಸರು ಬರೆಯಿರಿ. ಪ್ರತಿ ಹೆಸರಿನ ಮುಂದೆ ಬರೆಯಬೇಕಾದದ್ದು ಇಷ್ಟು: ದಿನಾ ತಗೊಳ್ಳುವ ಔಷಧ ಯಾವುದು, ಕನ್ನಡಕ ಅಥವಾ ಕಿವಿಯ ಮಷಿನ್ ಇದೆಯೇ, ಒಂದು ಕಿಲೋಮೀಟರ್ ನಡೆಯಬಲ್ಲರೇ, ಎಷ್ಟು ಭಾರ ಹೊರಬಲ್ಲರು. ಬಸುರಿ, ಬಾಣಂತಿ, ಹಸುಗೂಸು ಇದ್ದರೆ ಬೇರೆಯಾಗಿ ಗುರುತು ಹಾಕಿ. ನಡೆಯಲಾಗದ ಹಿರಿಯರಿದ್ದರೆ ಅವರನ್ನು ಯಾರು ಎತ್ತಿಕೊಳ್ಳುತ್ತಾರೆ ಅನ್ನುವುದು ಈಗಲೇ ತೀರ್ಮಾನವಾಗಲಿ. ಎತ್ತಿಕೊಳ್ಳುವವರ ಹೆಗಲಿಗೆ ಬ್ಯಾಗ್ ಕೊಡಬೇಡಿ.

ಹಳ್ಳಿಯ ಮನೆಯಾದರೆ ಈ ಪಟ್ಟಿಯಲ್ಲಿ ದನಕರುಗಳೂ ಇರಬೇಕು. ಎತ್ತು ಬಿಟ್ಟು ಬರುವುದಿಲ್ಲ ಅಂತ ಹಟ ಹಿಡಿದು ಕೂರುವ ಹಿರಿಯರನ್ನು ನಾವೆಲ್ಲ ಕಂಡಿದ್ದೇವೆ. ಅವರ ಮಾತಿನಲ್ಲಿ ನ್ಯಾಯ ಇದೆ. ದನಗಳನ್ನು ಯಾವ ದಿಬ್ಬಕ್ಕೆ, ಯಾರ ಕೊಟ್ಟಿಗೆಗೆ ಹೊಡೆದುಕೊಂಡು ಹೋಗಬೇಕು ಅಂತ ಮುಂಚೆಯೇ ಮಾತಾಡಿಟ್ಟರೆ ಹಿರಿಯರೂ ಏಳುತ್ತಾರೆ. ಒಯ್ಯಲು ಆಗುವುದೇ ಇಲ್ಲ ಅನ್ನುವ ಸ್ಥಿತಿ ಬಂದರೆ ಕೊರಳ ಹಗ್ಗ ಬಿಚ್ಚಿ ಬಿಡಿ. ಕಟ್ಟಿದ ದನ ನೀರಿನಲ್ಲಿ ಉಳಿಯುವುದಿಲ್ಲ. ಬಿಚ್ಚಿದ ದನ ಈಜಿ ದಡ ಸೇರಬಹುದು.

ಎಂಥ ಬ್ಯಾಗ್, ಎಷ್ಟು ಭಾರ

ಎರಡೂ ಹೆಗಲಿಗೆ ಹಾಕಿಕೊಳ್ಳುವ ಬ್ಯಾಗೇ ಆಗಬೇಕು. ಗಾಲಿ ಇರುವ ಸೂಟ್‌ಕೇಸ್ ಬೇಡವೇ ಬೇಡ. ನಮ್ಮ ಎರೆ ಮಣ್ಣು ಮಳೆಗೆ ನೆನೆದರೆ ಟ್ರ್ಯಾಕ್ಟರ್ ಗಾಲಿಯೇ ಹೂತುಹೋಗುತ್ತದೆ, ಸೂಟ್‌ಕೇಸಿನದು ಯಾವ ಲೆಕ್ಕ? ಕೈಗಳೂ ಖಾಲಿ ಇರಬೇಕು. ಒಂದು ಕೈಯಲ್ಲಿ ಮಗು, ಇನ್ನೊಂದರಲ್ಲಿ ಬ್ಯಾಟರಿ (ಟಾರ್ಚ್).

ಹೊಸ ಬ್ಯಾಗ್ ಕೊಳ್ಳಬೇಕಿಲ್ಲ. ಮಕ್ಕಳ ಹಳೆಯ ಶಾಲೆ ಬ್ಯಾಗ್ ಎಲ್ಲ ಮನೆಯಲ್ಲೂ ಇರುತ್ತದೆ. ಪಟ್ಟಿ ಮತ್ತು ಜಿಪ್ ಗಟ್ಟಿ ಇವೆಯೇ ನೋಡಿ, ಸಡಿಲಾಗಿದ್ದರೆ ಚಪ್ಪಲಿ ಹೊಲಿಯುವವರ ಹತ್ತಿರ ಒಂದು ಹೊಲಿಗೆ ಹಾಕಿಸಿ. ಬ್ಯಾಗಿನ ಒಳಗೆ ದಪ್ಪ ಪ್ಲಾಸ್ಟಿಕ್ ಚೀಲ ಹರಡಿ, ಸಾಮಾನೆಲ್ಲ ಅದರೊಳಗೆ ಇಟ್ಟು ಬಾಯಿ ಕಟ್ಟಿ. ಬ್ಯಾಗ್ ತೊಯ್ದರೂ ಒಳಗಿನದು ಒಣಗೇ ಇರುತ್ತದೆ. ಗೊಬ್ಬರದ ಚೀಲವನ್ನು ತೊಳೆದು ಮೇಲೆ ಹೊದಿಸಲು ಬಳಸಬಹುದು. ತಿನ್ನುವ ಸಾಮಾನು ಮಾತ್ರ ಅದರಲ್ಲಿ ಇಡಬಾರದು.

ಭಾರದ ವಿಷಯದಲ್ಲಿ ಆಸೆ ಬಿಡಬೇಕು. ಶಾಲೆ ಬ್ಯಾಗ್ ಮಗುವಿನ ತೂಕದ ಶೇಕಡಾ 10ನ್ನು ಮೀರಬಾರದು ಅಂತ 2020ರ ಶಾಲಾ ಬ್ಯಾಗ್ ನೀತಿ ಹೇಳುತ್ತದೆ. ಅದನ್ನೇ ಇಲ್ಲಿಯೂ ಹಿಡಿಯಿರಿ. 30 ಕೆಜಿಯ ಮಗುವಿಗೆ 3 ಕೆಜಿ, ಅಷ್ಟೇ. ಗಟ್ಟಿ ಆಳು 7ರಿಂದ 8 ಕೆಜಿ ಹೊರಬಹುದು. ಮಂಡಿನೋವಿನ ಹಿರಿಯರಿಗೆ ಸೊಂಟಕ್ಕೆ ಕಟ್ಟುವ ಸಣ್ಣ ಚೀಲ ಸಾಕು. ಹುಬ್ಬಳ್ಳಿ ರೈಲು ನಿಲ್ದಾಣದ ಉದ್ದದ ಪ್ಲಾಟ್‌ಫಾರ್ಮ್ 1,507 ಮೀಟರ್ ಇದೆ. ಅಷ್ಟು ದೂರವನ್ನು ನಿಮ್ಮ ಓಣಿಯಲ್ಲಿ ಬ್ಯಾಗ್ ಹಾಕಿಕೊಂಡು ನಡೆದು ನೋಡಿ. ಎಲ್ಲೂ ಇಳಿಸದೆ ಮುಟ್ಟಿದರೆ ಆ ಭಾರ ನಿಮಗೆ ಸರಿ. ನಡುವೆ ಇಳಿಸಬೇಕಾಯಿತೋ, ಅರ್ಧ ಸಾಮಾನು ತೆಗೆಯಿರಿ.

ಕಾಗದಪತ್ರ

ಮೂಲ ಕಾಗದಗಳನ್ನು ಬ್ಯಾಗಿನಲ್ಲೇ ತಿಂಗಳುಗಟ್ಟಲೆ ಇಡುವುದು ಬೇಡ. ಅವು ಒಂದು ಫೈಲಿನಲ್ಲಿರಲಿ, ಆ ಫೈಲು ಬ್ಯಾಗಿನ ಪಕ್ಕದಲ್ಲೇ ಇರಲಿ. ಬ್ಯಾಗಿನೊಳಗೆ ಝೆರಾಕ್ಸ್ ಪ್ರತಿಗಳು.

ಯಾವ ಕಾಗದ? ಎಲ್ಲರ ಆಧಾರ್, ರೇಷನ್ ಕಾರ್ಡ್, ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ, ಆಯುಷ್ಮಾನ್ ಕಾರ್ಡ್, ಹೊಲದ ಉತಾರ, ಮನೆಯ ಉತಾರ ಮತ್ತು ಕರ ಕಟ್ಟಿದ ರಸೀದಿ, ಬೆಳೆ ವಿಮೆಯ ರಸೀದಿ, ಮಕ್ಕಳ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಲಸಿಕೆ ಕಾರ್ಡ್, ಬಸುರಿಯರ ತಾಯಿ ಕಾರ್ಡ್. ಪಾಸ್‌ಬುಕ್ ಯಾಕೆ ಅಂದರೆ, ಪರಿಹಾರದ ಹಣ ಬರುವುದು ಖಾತೆಗೆ. ಪಂಚನಾಮೆಗೆ ಅಧಿಕಾರಿಗಳು ಬಂದಾಗ ಖಾತೆ ಸಂಖ್ಯೆ ಬಾಯಲ್ಲಿ ಹೇಳಲು ಹೋಗಿ ಒಂದು ಅಂಕಿ ತಪ್ಪಿದರೂ ಹಣ ಅಲ್ಲೇ ನಿಲ್ಲುತ್ತದೆ. ಖಾತೆಗೆ ಆಧಾರ್ ಜೋಡಣೆ ಆಗಿದೆಯೇ ಅಂತ ಈ ವಾರವೇ ಬ್ಯಾಂಕಿನಲ್ಲಿ ಕೇಳಿಕೊಂಡು ಬನ್ನಿ.

ಇನ್ನೊಂದು ಕೆಲಸವನ್ನು ಬಹಳ ಮಂದಿ ಬಿಡುತ್ತಾರೆ. ಮನೆ ಚೆನ್ನಾಗಿರುವಾಗಲೇ ಫೋಟೊ ತೆಗೆದಿಡಿ. ನಾಲ್ಕೂ ಕಡೆಯ ಗೋಡೆ, ಮಾಳಿಗೆ, ಕೊಟ್ಟಿಗೆ, ದನಗಳು, ಪಂಪ್‌ಸೆಟ್, ಕಾಳಿನ ಚೀಲಗಳು. ಗೋಡೆ ಬಿದ್ದಮೇಲೆ ಅದು ಎಷ್ಟು ಉದ್ದ ಇತ್ತು ಅಂತ ತೋರಿಸಲು ಆ ಫೋಟೊ ಬಿಟ್ಟರೆ ಬೇರೇನೂ ಇರುವುದಿಲ್ಲ. ಈ ಫೋಟೊಗಳನ್ನೂ ಕಾಗದಗಳ ಫೋಟೊಗಳನ್ನೂ ಬೇರೆ ಊರಿನಲ್ಲಿರುವ ನಂಬಿಗಸ್ತ ಸಂಬಂಧಿಕರೊಬ್ಬರಿಗೆ ವಾಟ್ಸಾಪ್‌ನಲ್ಲಿ ಕಳಿಸಿಡಿ. ಡಿಜಿಲಾಕರ್ ತೆರೆದುಕೊಂಡರೆ ಇನ್ನೂ ಒಳ್ಳೆಯದು. ಅದರಲ್ಲಿ ಇಲಾಖೆಯಿಂದ ನೇರವಾಗಿ ಬಂದ ಡ್ರೈವಿಂಗ್ ಲೈಸೆನ್ಸ್, ಆರ್‌ಸಿಗಳಿಗೆ ಮೂಲ ಕಾಗದದಷ್ಟೇ ಬೆಲೆ ಇದೆ.

ಗುಳಿಗೆ, ಔಷಧ

ಈ ಭಾಗಕ್ಕೆ ಹೆಚ್ಚು ಸಮಯ ಕೊಡಿ. ಕಾಳಜಿ ಕೇಂದ್ರಕ್ಕೆ ಡಾಕ್ಟರ್ ಬಂದು "ಅಮ್ಮಾ, ಏನ್ ಗುಳಿಗಿ ತಗೋತೀರಿ?" ಅಂತ ಕೇಳಿದರೆ ನಮ್ಮ ಹಿರಿಯರು ಹೇಳುವುದು ಹೀಗೆ: "ಮುಂಜಾನೆ ಒಂದು ಬಿಳೀದು ರೀ, ರಾತ್ರಿ ಒಂದು ಸಣ್ಣ ಗುಲಾಬಿದು." ಬಿಳಿ ಗುಳಿಗೆ ನೂರಾರು ಇವೆ. ಪಾಪ, ಡಾಕ್ಟರ್ ಏನು ಮಾಡಬೇಕು?

ಹಾಗಾಗಿ ಒಬ್ಬೊಬ್ಬರಿಗೆ ಒಂದು ಚೀಟಿ ಮಾಡಿ. ಅಂಗೈಯಗಲದ ರಟ್ಟು ಸಾಕು. ಮೇಲೆ ಹೆಸರು, ವಯಸ್ಸು, ರಕ್ತದ ಗುಂಪು. ಅದರ ಕೆಳಗೆ ಕಾಯಿಲೆ. ಆಮೇಲೆ ಗುಳಿಗೆಯ ಹೆಸರು ಮಿಲಿಗ್ರಾಂ ಸಮೇತ, ಯಾವ ಹೊತ್ತಿಗೆ, ಊಟಕ್ಕೆ ಮೊದಲೋ ಆಮೇಲೋ. ಕೊನೆಗೆ, ಮೈಗೆ ಆಗಿಬರದ ಔಷಧ ಇದ್ದರೆ ಅದನ್ನು ಕೆಂಪು ಶಾಯಿಯಲ್ಲಿ. ಗುಳಿಗೆಯ ಹೆಸರನ್ನು ಅದರ ಪಟ್ಟಿ (ಸ್ಟ್ರಿಪ್) ನೋಡಿ ಇಂಗ್ಲಿಷ್ ಅಕ್ಷರದಲ್ಲೇ ನಕಲು ಮಾಡಿ, ಕಿವಿಗೆ ಕೇಳಿದಂತೆ ಬರೆಯಬೇಡಿ. ಎರಡೂ ಬದಿಗೆ ಅಗಲ ಟೇಪ್ ಅಂಟಿಸಿದರೆ ನೀರು ಹೋಗುವುದಿಲ್ಲ. ಒಂದು ಚೀಟಿ ಬ್ಯಾಗಿನಲ್ಲಿ, ಇನ್ನೊಂದು ಅವರು ದಿನಾ ಹೊರಗೆ ಒಯ್ಯುವ ಚೀಲದಲ್ಲಿ.

ದಿನನಿತ್ಯದ ಗುಳಿಗೆ ಕನಿಷ್ಠ ಒಂದು ವಾರಕ್ಕಾಗುವಷ್ಟು ಬ್ಯಾಗಿನಲ್ಲಿರಲಿ. ಪಟ್ಟಿಯಿಂದ ನಾಲ್ಕು ಗುಳಿಗೆ ಕತ್ತರಿಸಿ ಇಡುವ ರೂಢಿ ಬೇಡ. ಕತ್ತರಿಸಿದ ತುಂಡಿನಲ್ಲಿ ಹೆಸರೂ ಇರುವುದಿಲ್ಲ, ಅವಧಿ ಮುಗಿಯುವ ತಾರೀಖೂ ಇರುವುದಿಲ್ಲ. ಇಡೀ ಪಟ್ಟಿ ಇಡಿ. ತಿಂಗಳ ಗುಳಿಗೆ ತಂದಾಗ ಹೊಸದನ್ನು ಬ್ಯಾಗಿಗೆ ಹಾಕಿ ಬ್ಯಾಗಿನದನ್ನು ತಿನ್ನಲು ತೆಗೆದುಕೊಳ್ಳಿ. ಹೀಗೆ ಮಾಡಿದರೆ ಯಾವುದೂ ಹಾಳಾಗುವುದಿಲ್ಲ.

ಇನ್ಸುಲಿನ್ ತಗೊಳ್ಳುವವರಿದ್ದರೆ ಅದು ಫ್ರಿಜ್ಜಿನಲ್ಲೇ ಇರುತ್ತದೆ, ಹೊರಡುವಾಗ ತೆಗೆಯಬೇಕು. ಮರೆಯದ ಹಾಗೆ ಬ್ಯಾಗಿನ ಮೇಲೆ ದೊಡ್ಡದಾಗಿ "ಫ್ರಿಜ್ - ಇನ್ಸುಲಿನ್" ಅಂತ ಬರೆದು ಅಂಟಿಸಿ. ಐಸ್‌ಗೆ ತಾಗಿಸಿ ಒಯ್ಯಬೇಡಿ, ಹೆಪ್ಪುಗಟ್ಟಿದ ಇನ್ಸುಲಿನ್ ಕೆಲಸಕ್ಕೆ ಬರುವುದಿಲ್ಲ. ಬಳಕೆಯಲ್ಲಿರುವ ಬಾಟಲಿಯನ್ನು ಹೊರಗೆ ಎಷ್ಟು ದಿನ ಇಡಬಹುದು ಅಂತ ನಿಮ್ಮ ಡಾಕ್ಟರನ್ನು ಕೇಳಿ ಚೀಟಿಯಲ್ಲಿ ಬರೆದುಕೊಳ್ಳಿ. ಗದಗದ ಏಪ್ರಿಲ್ ಬಿಸಿಲಿನಲ್ಲಿ ಒದ್ದೆ ಬಟ್ಟೆ ಸುತ್ತಿದ ಸಣ್ಣ ಮಣ್ಣಿನ ಗಡಿಗೆ ಒಳ್ಳೆಯ ಆಸರೆ. ಸಕ್ಕರೆ ಕಾಯಿಲೆ ಇರುವವರ ಚೀಲದಲ್ಲಿ ಸಕ್ಕರೆ ಪೊಟ್ಟಣವೂ ಇರಬೇಕು. ಔಷಧ ತಗೊಂಡು ಊಟ ತಪ್ಪಿದಾಗ ಮೈ ಬೆವತು, ಕೈ ನಡುಗಿ, ತಲೆ ತಿರುಗಿದರೆ ಮೂರು ಚಮಚ ಸಕ್ಕರೆ ತಕ್ಷಣ ಬಾಯಿಗೆ.

ಗಾಯದ ಡಬ್ಬಿಗೆ ಇಷ್ಟು ಸಾಕು: ಗಾಜ್ ಬಟ್ಟೆ, ಸುತ್ತುವ ಬ್ಯಾಂಡೇಜ್, ಅಂಟುವ ಪಟ್ಟಿ, ಪೋವಿಡೋನ್ ಅಯೋಡಿನ್ ಮುಲಾಮು, ಸಣ್ಣ ಕತ್ತರಿ, ಮುಳ್ಳು ತೆಗೆಯುವ ಚಿಮಟಿಗೆ, ಥರ್ಮಾಮೀಟರ್, ಪ್ಯಾರಾಸಿಟಮಾಲ್, ಓಆರ್‌ಎಸ್. ಮಕ್ಕಳ ಜ್ವರದ ಔಷಧದ ಪ್ರಮಾಣ ಅವರ ತೂಕದ ಮೇಲೆ ಹೋಗುತ್ತದೆ. ಡಾಕ್ಟರ್ ಹೇಳಿದ ಪ್ರಮಾಣವನ್ನು ಬಾಟಲಿಯ ಮೇಲೇ ಬರೆದಿಡಿ. ಓಆರ್‌ಎಸ್ ಅಂದರೆ ಪುಡಿಯ ಪೊಟ್ಟಣ. ಅಂಗಡಿಯಲ್ಲಿ ಸಿಗುವ ಹಣ್ಣಿನ ರುಚಿಯ ಸಿಹಿ ಪಾನೀಯ ಬೇರೆ, ಅದು ಭೇದಿಗೆ ಔಷಧವಲ್ಲ. ಒಂದು ಲೀಟರಿನ ಪೊಟ್ಟಣವನ್ನು ಪೂರ್ತಿ ಒಂದು ಲೀಟರ್ ನೀರಿಗೇ ಹಾಕಬೇಕು. ಪೊಟ್ಟಣ ಮುಗಿದರೆ ಒಂದು ಲೀಟರ್ ಕುಡಿಯುವ ನೀರಿಗೆ ಆರು ಸಣ್ಣ ಚಮಚ ಸಕ್ಕರೆ, ಅರ್ಧ ಸಣ್ಣ ಚಮಚ ಉಪ್ಪು. ಚಮಚದ ಮೇಲೆ ಗೋಪುರ ಮಾಡದೆ ಸಮ ಮಟ್ಟಕ್ಕೆ ತಗೊಳ್ಳಿ. ಉಪ್ಪು ಜಾಸ್ತಿಯಾದರೆ ಮಗುವಿಗೆ ಅಪಾಯ.

ನೀರು ಬಂದಾಗ ಹಾವುಗಳೂ ಒಣ ಜಾಗ ಹುಡುಕಿಕೊಂಡು ಬರುತ್ತವೆ. ಕಚ್ಚಿದರೆ ಬಿಗಿಯಾಗಿ ಹಗ್ಗ ಕಟ್ಟಬೇಡಿ, ಕೊಯ್ಯಬೇಡಿ, ಬಾಯಿಂದ ಹೀರಬೇಡಿ. ಕಚ್ಚಿಸಿಕೊಂಡವರನ್ನು ನಡೆಸದೆ, ಆ ಕೈ ಅಥವಾ ಕಾಲು ಅಲುಗಾಡದಂತೆ ಇಟ್ಟು 108ಕ್ಕೆ ಕರೆ ಮಾಡಿ. ವಿಷಕ್ಕೆ ಔಷಧ ಇರುವುದು ಆಸ್ಪತ್ರೆಯಲ್ಲಿ.

ನೀರು

ಹುಬ್ಬಳ್ಳಿಯವರಿಗೆ ನೀರು ತುಂಬಿಡುವುದನ್ನು ಯಾರೂ ಕಲಿಸಬೇಕಿಲ್ಲ. ನಲ್ಲಿ ನೀರು ದಿನಗಟ್ಟಲೆ ಬಾರದ ಓಣಿಗಳಲ್ಲಿ ಮನೆ ತುಂಬ ಬ್ಯಾರಲ್, ಕೊಡಪಾನ. ಆದರೆ 200 ಲೀಟರಿನ ಬ್ಯಾರಲ್ ಹೊತ್ತುಕೊಂಡು ಹೋಗಲು ಆಗುವುದಿಲ್ಲ. ಒಯ್ಯಬಹುದಾದ ನೀರು ಬೇರೆಯೇ ಇರಬೇಕು.

ಕುಡಿಯಲು ಒಬ್ಬರಿಗೆ ದಿನಕ್ಕೆ ಸುಮಾರು 3 ಲೀಟರ್ ಅಂತ ಹಿಡಿಯಿರಿ. ಲೀಟರಿಗೆ ಒಂದು ಕೆಜಿ, ಹಾಗಾಗಿ ಎಲ್ಲವನ್ನೂ ಬೆನ್ನಿಗೆ ಹಾಕಲಾಗದು. ದೊಡ್ಡವರ ಬ್ಯಾಗಿನಲ್ಲಿ ಎರಡು ಲೀಟರ್, ಮಕ್ಕಳ ಬ್ಯಾಗಿನಲ್ಲಿ ಅರ್ಧ ಲೀಟರ್. ಇದಲ್ಲದೆ ಹಿಡಿಕೆ ಇರುವ ಐದು ಲೀಟರಿನ ಒಂದೆರಡು ಕ್ಯಾನ್ ಬಾಗಿಲ ಹತ್ತಿರ ಇಡಿ. ಗಾಡಿ ಸಿಕ್ಕರೆ ಅವೂ ಬರುತ್ತವೆ.

ಮುಂದೆ ಸಿಗುವ ನೀರಿನ ಮೇಲೆ ನಂಬಿಕೆ ಇಡಬೇಡಿ. ನೆರೆ ಬಂದ ಊರಿನಲ್ಲಿ ಬಾವಿ, ಬೋರ್‌ವೆಲ್‌ಗೂ ಹೊಲಸು ನೀರು ಸೇರಿರುತ್ತದೆ. ಕುದಿಸಲು ಆದರೆ ಕುದಿಸಿ. ಆಗದಿದ್ದರೆ ಕ್ಲೋರಿನ್ ಮಾತ್ರೆ. ಔಷಧದ ಅಂಗಡಿಯಲ್ಲಿ ಸಿಗುತ್ತದೆ, ಊರಿನ ಆಶಾ ಕಾರ್ಯಕರ್ತೆಯನ್ನೂ ಕೇಳಿ ನೋಡಿ. ರಾಡಿ ನೀರಿಗೆ ನೇರವಾಗಿ ಮಾತ್ರೆ ಹಾಕಿದರೆ ಅದರ ಶಕ್ತಿ ಮಣ್ಣಿಗೇ ಖರ್ಚಾಗುತ್ತದೆ. ಮೊದಲು ನೀರು ತಿಳಿಯಾಗಲು ಬಿಡಿ, ನಾಲ್ಕು ಮಡಿಕೆಯ ಹತ್ತಿ ಬಟ್ಟೆಯಲ್ಲಿ ಸೋಸಿ, ಆಮೇಲೆ ಮಾತ್ರೆ ಹಾಕಿ ಅರ್ಧ ತಾಸು ಕಾಯಿರಿ. ಎಷ್ಟು ನೀರಿಗೆ ಎಷ್ಟು ಮಾತ್ರೆ ಅನ್ನುವುದು ಪೊಟ್ಟಣದ ಮೇಲೆ ಇರುತ್ತದೆ, ಅದನ್ನೇ ಪಾಲಿಸಿ.

ಬುತ್ತಿ

ಒಲೆ ಇಲ್ಲದೆ, ಫ್ರಿಜ್ ಇಲ್ಲದೆ ವಾರಗಟ್ಟಲೆ ಕೆಡದ ಊಟ ನಮ್ಮ ಅಡುಗೆಮನೆಯಲ್ಲಿ ಯಾವತ್ತಿನಿಂದಲೂ ಇದೆ. ಕಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ಶೇಂಗಾ ಉಂಡಿ, ಪುಠಾಣಿ, ಅವಲಕ್ಕಿ, ಬೆಲ್ಲ. ಇಷ್ಟಿದ್ದರೆ ಎರಡು ದಿನ ಯಾರ ಹಂಗೂ ಬೇಡ.

ರೊಟ್ಟಿಯನ್ನು ಪೂರ್ತಿ ಒಣಗಿಸಿದ ಮೇಲೆ ಅಗಲವಾದ ಸ್ಟೀಲ್ ಡಬ್ಬಿಯಲ್ಲೇ ಇಡಿ, ಇಲ್ಲದಿದ್ದರೆ ಬ್ಯಾಗಿನಲ್ಲಿ ಪುಡಿಪುಡಿ. ಸ್ವಲ್ಪ ಹಸಿ ಉಳಿದರೂ ಬೂಸಲು ಹಿಡಿಯುತ್ತದೆ. ಬ್ಯಾಗಿಗೆಂದು ಮಾಡುವ ಚಟ್ನಿಪುಡಿಗೆ ಉಪ್ಪು, ಖಾರ ಎರಡೂ ಕಡಿಮೆ ಇರಲಿ. ಬ್ಯಾಡಗಿ ಮೆಣಸಿನಕಾಯಿ ಹಾಕಿದ ಕೆಂಪು ಚಟ್ನಿ ಬಾಯಿಗೆ ರುಚಿ, ಆದರೆ ನೀರಡಿಕೆ ಹೆಚ್ಚಿಸುತ್ತದೆ, ನೀರು ಲೆಕ್ಕ ಹಾಕಿ ಕುಡಿಯುವ ಹೊತ್ತಿನಲ್ಲಿ ಅದು ಬೇಡ. ಹಲ್ಲಿಲ್ಲದ ಹಿರಿಯರಿಗೆ ಅವಲಕ್ಕಿ ಒಳ್ಳೆಯದು. ತಣ್ಣೀರಿನಲ್ಲೇ ನೆನೆಯುತ್ತದೆ, ಬೆಲ್ಲ ಕಲಸಿ ಕೊಡಬಹುದು. ಚುರುಮುರಿ ಹಗುರ ನಿಜ, ಜಾಗ ಮಾತ್ರ ಜಾಸ್ತಿ ತಿನ್ನುತ್ತದೆ.

ಎದೆಹಾಲು ಕುಡಿಯುವ ಕೂಸಿಗೆ ಎದೆಹಾಲನ್ನೇ ಮುಂದುವರಿಸಿ. ತಾಯಿಗೆ ಹೆಚ್ಚು ನೀರು ಮತ್ತು ಉಂಡಿ ಕೊಡಿ. ಪುಡಿ ಹಾಲು ಕುಡಿಯುವ ಕೂಸಾದರೆ ಅದಕ್ಕೆಂದೇ ಶುದ್ಧ ನೀರಿನ ಬಾಟಲಿ ಬೇರೆ ಇರಲಿ. ಬಾಟಲಿ, ನಿಪ್ಪಲ್ ತೊಳೆಯುವುದು ಕಷ್ಟವಾದರೆ ಲೋಟ, ಚಮಚದಲ್ಲಿ ಕುಡಿಸಿ.

ಬೆಳಕು, ಫೋನು, ರೊಕ್ಕ

ರಾತ್ರಿ ಹೊಲಕ್ಕೆ ನೀರು ಹಾಯಿಸಲು ಹೋಗುವ ರೈತರು ತಲೆಗೆ ಕಟ್ಟಿಕೊಳ್ಳುವ ಬ್ಯಾಟರಿ ಇದೆಯಲ್ಲ, ಅದಕ್ಕಿಂತ ಒಳ್ಳೆಯದು ಇಲ್ಲ. ಎರಡೂ ಕೈ ಖಾಲಿ ಇರುತ್ತವೆ. ಮನೆಗೆ ಅಂಥದ್ದು ಎರಡಿರಲಿ. ಸೆಲ್ ಹಾಕುವ ಬ್ಯಾಟರಿಯಾದರೆ ಸೆಲ್ ಹೊರಗೆ ತೆಗೆದು ಬೇರೆ ಕವರಿನಲ್ಲಿಡಿ, ಒಳಗೇ ಬಿಟ್ಟರೆ ಸೋರಿ ಹಾಳಾಗುತ್ತದೆ. ಮೇಣದಬತ್ತಿ ಮಾತ್ರ ಬೇಡ. ಜನ ತುಂಬಿದ ಶಾಲೆಯ ಕೋಣೆಯಲ್ಲಿ, ಗ್ಯಾಸ್ ವಾಸನೆ ಇರುವ ಮನೆಯಲ್ಲಿ ಅದೇ ಅಪಾಯ.

10,000 ಎಂಎಎಚ್‌ನ ಪವರ್‌ಬ್ಯಾಂಕ್ ಸಾಮಾನ್ಯ ಫೋನನ್ನು ಒಂದೂವರೆಯಿಂದ ಎರಡು ಸಲ ಚಾರ್ಜ್ ಮಾಡುತ್ತದೆ. ಬಳಸದೆ ಇಟ್ಟರೂ ಅದು ನಿಧಾನವಾಗಿ ಇಳಿಯುತ್ತದೆ, ಆಗಾಗ ತುಂಬಿಸುತ್ತಿರಿ. ಕೇಬಲ್ಲನ್ನು ಅದಕ್ಕೇ ರಬ್ಬರ್ ಹಾಕಿ ಕಟ್ಟಿಡಿ. ನೆಟ್‌ವರ್ಕ್ ಜಗ್ಗುವಾಗ ಕರೆ ಹೋಗದಿದ್ದರೂ ಎಸ್ಸೆಮ್ಮೆಸ್ ಹೋಗುತ್ತದೆ. ಬೇರೆ ಊರಿನ ಒಬ್ಬ ಸಂಬಂಧಿಕರನ್ನು ಗೊತ್ತು ಮಾಡಿಕೊಳ್ಳಿ. ಮನೆಮಂದಿ ಚದುರಿದರೆ ಎಲ್ಲರೂ ಅವರಿಗೇ ಸಂದೇಶ ಕಳಿಸುವುದು.

ಫೋನ್ ಸತ್ತರೆ ನಂಬರುಗಳೂ ಸಾಯುತ್ತವೆ. ಹಾಗಾಗಿ ಕಾಗದದಲ್ಲಿ ಬರೆಯಿರಿ: 112 ಎಲ್ಲ ತುರ್ತಿಗೂ, 108 ಆಂಬುಲೆನ್ಸ್, 101 ಅಗ್ನಿಶಾಮಕ, 1077 ಜಿಲ್ಲೆಯ ವಿಪತ್ತು ನಿಯಂತ್ರಣ ಕೊಠಡಿ, 1912 ಹೆಸ್ಕಾಂ (ಕರೆಂಟಿನ ತೊಂದರೆಗೆ), 1906 ಗ್ಯಾಸ್ ಸೋರಿಕೆ. ಕೆಳಗೆ ಮನೆಯವರ ನಂಬರು.

ರೊಕ್ಕ ಚಿಲ್ಲರೆಯಲ್ಲೇ ಇರಲಿ. ಹತ್ತು, ಇಪ್ಪತ್ತು, ಐವತ್ತು, ನೂರರ ನೋಟುಗಳು. ಕರೆಂಟ್ ಹೋಗಿ ಟವರ್ ಬಿದ್ದ ಊರಿನಲ್ಲಿ ಫೋನ್‌ಪೇ ನಡೆಯುವುದಿಲ್ಲ, ಐನೂರಕ್ಕೆ ಚಿಲ್ಲರೆ ಕೊಡಲು ಆಟೋದವರ ಹತ್ತಿರವೂ ಇರುವುದಿಲ್ಲ.

ಬಟ್ಟೆಗೆ ಹೆಚ್ಚು ಹೇಳುವುದಿಲ್ಲ. ಒಬ್ಬರಿಗೆ ಒಂದು ಜೊತೆ, ಒಳಬಟ್ಟೆ ಎರಡು ಜೊತೆ, ಒಂದು ತೆಳ್ಳನೆಯ ಚಾದರ. ಕೌದಿ ಬೇಡ, ತೊಯ್ದರೆ ಎತ್ತಲಾಗದಷ್ಟು ಭಾರ. ಸ್ಯಾನಿಟರಿ ಪ್ಯಾಡ್, ಸಾಬೂನು, ಹಲ್ಲುಜ್ಜುವ ಬ್ರಷ್. ನಾಲ್ಕು ಜನಕ್ಕೆ ಒಂದು ಸಣ್ಣ ತಾಡಪತ್ರಿ ಮತ್ತು ಹತ್ತು ಮೀಟರ್ ನೈಲಾನ್ ಹಗ್ಗ. ಕಾಲಿಗೆ ಹಿಂದೆ ಪಟ್ಟಿ ಇರುವ ಸ್ಯಾಂಡಲ್ ಅಥವಾ ಬೂಟು. ಹವಾಯಿ ಚಪ್ಪಲಿ ಎರೆ ಕೆಸರಿನಲ್ಲೇ ಉಳಿದುಬಿಡುತ್ತದೆ, ಬರಿಗಾಲಲ್ಲಿ ನೀರಿಗಿಳಿದರೆ ಗಾಜು, ತಗಡು ಕೊಯ್ಯುತ್ತದೆ.

ದಿನಾ ಜೊತೆಯಲ್ಲಿರುವ ಚೀಲ

ತುರ್ತು ಹೇಳಿ ಬರುವುದಿಲ್ಲ, ನಾವು ಮನೆಯಲ್ಲಿದ್ದಾಗಲೇ ಬರುವುದೂ ಇಲ್ಲ. 2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟಡ ಕುಸಿದದ್ದು ಹಗಲು ಹೊತ್ತಿನಲ್ಲಿ. ಅಲ್ಲಿದ್ದವರು ತಮ್ಮ ತಮ್ಮ ಕೆಲಸದಲ್ಲಿದ್ದವರು. ಮನೆಯ ಬ್ಯಾಗ್ ಮನೆಯಲ್ಲಿರುತ್ತದೆ, ಹೊರಗೆ ನಮ್ಮ ಜೊತೆ ಇರುವುದು ಕಿಸೆ ಮತ್ತು ಕೈಚೀಲ.

ದಿನದ ಚೀಲಕ್ಕೆ ಹೊಸ ಸಾಮಾನು ತುಂಬುವುದಕ್ಕಿಂತ ಇರುವ ಪರ್ಸು, ಟಿಫಿನ್ ಬ್ಯಾಗಿನಲ್ಲೇ ಒಂದು ಸಣ್ಣ ಜಿಪ್ ಚೀಲ ಸೇರಿಸಿ. ಔಷಧದ ಚೀಟಿ, ಒಂದು ದಿನದ ಗುಳಿಗೆ, ನೂರಿನ್ನೂರು ರೂಪಾಯಿ, ನಂಬರುಗಳ ಕಾಗದ, ಎರಡು ಅಂಟುವ ಪಟ್ಟಿ, ಒಂದು ಓಆರ್‌ಎಸ್, ಬೆರಳಷ್ಟು ಬ್ಯಾಟರಿ, ಸೀಟಿ. ಸೀಟಿ ಯಾಕೆ ಅಂದರೆ, ಎಲ್ಲಾದರೂ ಸಿಕ್ಕಿಹಾಕಿಕೊಂಡವರು ಕೂಗಿ ಕೂಗಿ ದಣಿಯುತ್ತಾರೆ, ಸೀಟಿಯ ಸದ್ದು ಕಡಿಮೆ ಉಸಿರಿನಲ್ಲಿ ದೂರ ಹೋಗುತ್ತದೆ. ಮೂರು ಸಲ ಊದಿ, ನಿಲ್ಲಿಸಿ, ಮತ್ತೆ ಮೂರು ಸಲ.

ಚಿಗರಿ ಬಸ್ಸಿನಲ್ಲಿ ದಿನಾ ಹುಬ್ಬಳ್ಳಿ ಧಾರವಾಡ ಓಡಾಡುವ ಹೆಣ್ಣುಮಕ್ಕಳ ಪರ್ಸಿನಲ್ಲಿ ಆಧಾರ್ ಹೇಗೂ ಇರುತ್ತದೆ. ಅದರ ಹಿಂದೆ ಔಷಧದ ಚೀಟಿ ಸಿಕ್ಕಿಸಿಬಿಡಿ. ಜೊತೆಗೆ ಎರಡು ಪ್ಯಾಡ್, ಒಂದು ದುಪಟ್ಟಾ ಅಥವಾ ಹತ್ತಿ ಟವೆಲ್. ಟವೆಲ್ ಅಂದರೆ ಸಾಮಾನ್ಯವಲ್ಲ: ರಕ್ತ ಸುರಿಯುವಾಗ ಒತ್ತಿ ಹಿಡಿಯಬಹುದು, ಮುರಿದ ಕೈಗೆ ಜೋಲಿ ಕಟ್ಟಬಹುದು, ಹೊಗೆ ತುಂಬಿದರೆ ಮೂಗಿಗೆ ಹಿಡಿಯಬಹುದು. ನಮ್ಮ ಹಿರಿಯರು ಹೆಗಲ ಮೇಲಿಂದ ವಸ್ತ್ರ ಇಳಿಸದೇ ಇದ್ದದ್ದು ಸುಮ್ನೆ ಅಲ್ಲ.

ಬೈಕಿನವರು ಸೀಟಿನ ಕೆಳಗೆ ರೇನ್‌ಕೋಟ್ ಮತ್ತು ಪ್ಲಾಸ್ಟಿಕ್ ಕವರ್ ಇಟ್ಟುಕೊಳ್ಳಿ. ಪವರ್‌ಬ್ಯಾಂಕನ್ನು ಮಾತ್ರ ಬಿಸಿಲಲ್ಲಿ ನಿಲ್ಲುವ ಬೈಕಿನಲ್ಲಾಗಲಿ ಕಾರಿನಲ್ಲಾಗಲಿ ಬಿಡಬೇಡಿ, ಕಾವಿಗೆ ಉಬ್ಬಿ ಬೆಂಕಿ ಹತ್ತಬಹುದು. ಹೊಲಕ್ಕೆ ಹೋಗುವವರ ಬುತ್ತಿ ಗಂಟಿನಲ್ಲಿ ಒಂದು ಬಾಟಲಿ ನೀರು ಹೆಚ್ಚಿಗೆ, ಒಂದು ಓಆರ್‌ಎಸ್. ಏಪ್ರಿಲ್, ಮೇ ತಿಂಗಳ ಸಂಜೆ ಗುಡುಗು ಕೇಳಿದ ಕೂಡಲೇ ಪಕ್ಕಾ ಮನೆ ಸೇರಿಕೊಳ್ಳಿ, ಮರದ ಬುಡಕ್ಕೆ ಮಾತ್ರ ಹೋಗಬೇಡಿ.

ಶಾಲೆಯ ಮಕ್ಕಳ ಬ್ಯಾಗಿನ ಒಳಜೇಬಿನಲ್ಲಿ ಅಪ್ಪ, ಅವ್ವ ಮತ್ತು ಇನ್ನೊಬ್ಬರ ನಂಬರು ಬರೆದ ಚೀಟಿ ಇರಲಿ. ಬ್ಯಾಗಿನ ಹೊರಗೆ ಹೆಸರು, ನಂಬರು ದೊಡ್ಡದಾಗಿ ಬರೆಯಬೇಡಿ, ಅಪರಿಚಿತರು ಹೆಸರು ಹಿಡಿದು ಕರೆದರೆ ಮಗು ನಂಬಿಬಿಡುತ್ತದೆ. ಒಂದು ನಂಬರಂತೂ ಬಾಯಿಪಾಠ ಆಗಲೇಬೇಕು. ಮಗ್ಗಿ ಹೇಳಿಸುವಾಗ ಜೊತೆಗೇ ಅದನ್ನೂ ಹೇಳಿಸಿ.

ಎಲ್ಲಿಡಬೇಕು, ಹೇಗೆ ಹೊರಡಬೇಕು

ಬ್ಯಾಗ್ ಅಟ್ಟದ ಮೇಲೆ ಬೇಡ, ಏಣಿ ಹುಡುಕುತ್ತಾ ನಿಲ್ಲುತ್ತೀರಿ. ನೆಲದ ಮೇಲೂ ಬೇಡ, ಮೊದಲು ನೀರು ಬರುವುದು ಅಲ್ಲಿಗೇ. ಮುಂಬಾಗಿಲ ಹತ್ತಿರ ಎದೆಯೆತ್ತರದ ಗೂಟಕ್ಕೆ ತೂಗುಹಾಕಿ. ಮಣ್ಣಿನ ಮನೆಯಾದರೆ ಮಳೆಗೆ ನೆನೆಯುವ ಕಡೆಯ ಗೋಡೆಯನ್ನು ಬಿಟ್ಟು ಒಳಗೋಡೆ ಆರಿಸಿ. ನೆನೆಯುವ ಗೋಡೆಯ ಪಕ್ಕ ಮಲಗುವುದೂ ಮಳೆಗಾಲದಲ್ಲಿ ಬೇಡ. ಗೋಡೆ ಉಬ್ಬಿದ್ದು, ಹೊಸ ಬಿರುಕು, ಮಾಳಿಗೆಯಿಂದ ಮಣ್ಣು ಉದುರುವುದು ಕಂಡರೆ ಬ್ಯಾಗ್ ತಗೊಂಡು ಅವತ್ತು ರಾತ್ರಿಯೇ ಬೇರೆಯವರ ಮನೆಗೆ ಹೋಗಿ. ಬೆಳಗಾಗಲಿ ಅಂತ ಕಾಯಬೇಡಿ.

ಬ್ಯಾಗ್ ಕಟ್ಟಿದ ವಾರವೇ ಒಂದು ಸಂಜೆ ದೀಪ ಆರಿಸಿ ಹೊರಟು ನೋಡಿ. ಯಾರು ಯಾವ ಬ್ಯಾಗ್, ಯಾರು ಅಜ್ಜಿಯ ಕೈ ಹಿಡಿಯುವವರು, ಯಾರು ಫೈಲು, ಯಾರು ಫ್ರಿಜ್ಜಿನ ಇನ್ಸುಲಿನ್. ಒಬ್ಬರು ಗ್ಯಾಸಿನ ರೆಗ್ಯುಲೇಟರ್ ಬಂದ್ ಮಾಡಬೇಕು, ಇನ್ನೊಬ್ಬರು ಮೇನ್ ಸ್ವಿಚ್. ಕಾಲಡಿ ನೀರಿದ್ದರೆ ಅಥವಾ ಗ್ಯಾಸ್ ವಾಸನೆ ಬರುತ್ತಿದ್ದರೆ ಯಾವ ಸ್ವಿಚ್ಚನ್ನೂ ಮುಟ್ಟಬೇಡಿ, ಹೊರಗೆ ಬಂದು ಕರೆ ಮಾಡಿ. ಕೊನೆಗೆ ಹೊರಬರುವವರು ತಲೆ ಎಣಿಸಬೇಕು. ಕೂಡುವ ಜಾಗ ಎರಡು ಗೊತ್ತಿರಲಿ: ಒಂದು ಓಣಿಯ ತುದಿಯ ಗುಡಿಯೋ ಶಾಲೆಯೋ, ಇನ್ನೊಂದು ಊರ ಹೊರಗಿನ ಎತ್ತರದ ಜಾಗ. ಮಕ್ಕಳಿಗೆ ಇದು ಆಟದಂತೆ ಖುಷಿ ಕೊಡುತ್ತದೆ, ಮರೆಯುವುದೂ ಇಲ್ಲ. ರಸ್ತೆಯ ಮೇಲೆ ನೀರು ಹರಿಯುತ್ತಿದ್ದರೆ, ಸೇತುವೆ ಮುಳುಗಿದ್ದರೆ ಬೈಕು, ಟ್ರ್ಯಾಕ್ಟರ್ ಯಾವುದರಲ್ಲೂ ದಾಟಬೇಡಿ. ಮೊಣಕಾಲ ಮಟ್ಟದ ಹರಿವಿಗೇ ಮನುಷ್ಯ ಕಾಲು ಜಾರಿ ಬೀಳುತ್ತಾನೆ.

ಹಬ್ಬಕ್ಕೊಮ್ಮೆ ಬಿಚ್ಚಿ ನೋಡಿ

ತಾರೀಖು ನೆನಪಿರುವುದಿಲ್ಲ, ಹಬ್ಬ ನೆನಪಿರುತ್ತದೆ. ಸಂಕ್ರಮಣ, ಯುಗಾದಿ, ಕಾರಹುಣ್ಣಿಮೆ, ದಸರಾ. ಹಬ್ಬಕ್ಕೆ ಮನೆ ಸಾರಿಸುವಾಗ ಬ್ಯಾಗನ್ನೂ ಇಳಿಸಿ. ನೀರು ಬದಲಿಸಿ, ಪವರ್‌ಬ್ಯಾಂಕ್ ತುಂಬಿಸಿ, ಔಷಧದ ತಾರೀಖು ನೋಡಿ, ಮಕ್ಕಳ ಬಟ್ಟೆ ಅಳತೆಗೆ ಬರುತ್ತದೆಯೇ ನೋಡಿ. ಕಾರಹುಣ್ಣಿಮೆಯದು ತಪ್ಪಿಸಬೇಡಿ, ಮುಂಗಾರು ಅದರ ಬೆನ್ನಲ್ಲೇ ಇರುತ್ತದೆ. ಯುಗಾದಿಯ ಹೊತ್ತಿಗೆ ಬಿಸಿಲಿಗೆ ಶೇಂಗಾ ಉಂಡಿಯ ಎಣ್ಣೆ ಕೆಟ್ಟ ವಾಸನೆ ಬರಲು ಶುರುವಾಗುತ್ತದೆ, ಆ ತಿಂಗಳುಗಳಲ್ಲಿ ಉಂಡಿಯನ್ನು ಹದಿನೈದು ದಿನಕ್ಕೊಮ್ಮೆ ತಿಂದು ಹೊಸದು ಇಡಿ.

ಬ್ಯಾಗಿನ ಒಳಮುಚ್ಚಳಕ್ಕೆ ಸಾಮಾನಿನ ಪಟ್ಟಿ ಅಂಟಿಸಿ, ಅದಕ್ಕೊಂದು ಪೆನ್ಸಿಲ್ ದಾರದಿಂದ ಕಟ್ಟಿ. ತಲೆನೋವಿಗೆ ಒಂದು ಗುಳಿಗೆ ತೆಗೆದರೂ, ಚಿಲ್ಲರೆಗೆ ಒಂದು ನೋಟು ತೆಗೆದರೂ ಅಲ್ಲೇ ಗುರುತು ಹಾಕಿ, ಮುಂದಿನ ಸಂತೆಗೆ ಹೋದಾಗ ತಂದು ತುಂಬಿಸಿ.